ಎಕ್ಸ್‌ರೇ ಮೇಲಿನ ಬಣ್ಣದ ಗೆರೆ

ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ ಕೃತಕ ಬುದ್ಧಿಮತ್ತೆಯ ಬಗ್ಗೆ ಏನು ಕಲಿಸಬೇಕೆಂದು ಜರ್ಮನಿಯ ಫಾಲ್ಕ್ ಶ್ವೆಂಡಿಕೆ ಮತ್ತು ಸಂಗಡಿಗರು 2023ರಲ್ಲಿ ಒಂದು ಮೂಲ ಪಠ್ಯಕ್ರಮ ಪ್ರಕಟಿಸಿದರು. ಪರಿಕಲ್ಪನೆ, ಬಳಕೆ, ನಿಖರತೆಯ ಅಳತೆ, ಹೊಣೆಗಾರಿಕೆ ಎಲ್ಲವೂ ಅದರಲ್ಲಿವೆ. ಪಟ್ಟಿಗೆ ಕುಂದಿಡುವಂತಿಲ್ಲ. ಆದರೆ ಅದನ್ನು ಯಾವ ರೋಗಿಯ ಮುಂದೆ ಹೇಗೆ ಅಭ್ಯಾಸ ಮಾಡಿಸಬೇಕು ಎಂಬುದು ಆಯಾ ಕಾಲೇಜಿನ ಪಾಲಿಗೆ ಉಳಿದ ಕೆಲಸ.

1965ರಿಂದ ದಂತವೈದ್ಯಕೀಯ ಕಾಲೇಜಿರುವ ಮಣಿಪಾಲದ ಸುತ್ತಲ ಸೀಮೆಯನ್ನೇ ನೋಡಬಹುದು. ಬಾಯಿಯ ಫೋಟೋ ನೋಡಿ ಕ್ಯಾನ್ಸರ್‌ಪೂರ್ವ ಕಲೆ ಗುರುತಿಸುವ ತಂತ್ರಾಂಶವೊಂದು ರೋಗವಿದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 90 ಸಲ ಸರಿ ಹೇಳುತ್ತದೆ ಎಂದಿಟ್ಟುಕೊಳ್ಳಿ. ದೊಡ್ಡಾಸ್ಪತ್ರೆಗೆ ಕಳಿಸಲ್ಪಟ್ಟು ಬಂದ 1000 ಜನರಲ್ಲಿ 300 ಮಂದಿಗೆ ಕಲೆಯಿದ್ದರೆ, ಅದು ಬೊಟ್ಟುಮಾಡುವ 340 ಮಂದಿಯಲ್ಲಿ 270 ಮಂದಿಯದು ನಿಜ. ಅದೇ ತಂತ್ರಾಂಶವನ್ನು ಪಡುಬಿದ್ರಿಯ ಶಿಬಿರಕ್ಕೆ ಒಯ್ದು, ಅಲ್ಲಿ 1000ದಲ್ಲಿ 10 ಮಂದಿಗೆ ಮಾತ್ರ ಕಲೆಯಿದ್ದರೆ? ಬೊಟ್ಟುಮಾಡುವುದು 108 ಮಂದಿಯನ್ನು, ನಿಜವಾದವರು 9. ಉಳಿದ 99 ಮಂದಿ ಸುಮ್ಮನೆ ಬೆದರಿ ಬಸ್ಸು ಹತ್ತುತ್ತಾರೆ. ತಂತ್ರಾಂಶ ಬದಲಾಗಿಲ್ಲ, ಊರು ಬದಲಾಗಿದೆ. ಈ ಲೆಕ್ಕ ಸ್ಲೈಡಿನಲ್ಲಿ ಒಂದು ಸೂತ್ರವಾಗಿ ಬಂದು ಹೋದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಶಿಬಿರದ ರಿಜಿಸ್ಟರ್ ಮುಂದಿಟ್ಟು ಮಾಡಿಸಿದರೆ ನಿಲ್ಲುತ್ತದೆ. ಎಲೆ-ಅಡಿಕೆಯಿಂದ ಕೆಂಪಾದ ಬಾಯಿಗಳನ್ನು ನೋಡದೆ ಕಲಿತ ತಂತ್ರಾಂಶವಾದರೆ ಇಷ್ಟೂ ನಿಖರತೆ ಉಳಿಯದು.

ಹುಳುಕು ಹಲ್ಲಿನ ಎಕ್ಸ್‌ರೇಯದು ಬೇರೆ ತೊಡಕು. ಹಲ್ಲಿನ ಕುತ್ತಿಗೆಯ ಬಳಿ ಕಿರಣ ಹೆಚ್ಚು ಹಾದು ಕಪ್ಪಾಗಿ ಕಾಣುವ ಭಾಗ ಹುಳುಕಿನಂತೆಯೇ ತೋರುತ್ತದೆ. ಅದನ್ನು ಬೇರ್ಪಡಿಸುವ ಕಣ್ಣು ನೂರಾರು ಚಿತ್ರ ನೋಡಿ ಬರುವಂಥದ್ದು. ಪರದೆ ಮೊದಲೇ ಬಣ್ಣದ ಗೆರೆ ಎಳೆದುಕೊಟ್ಟರೆ ವಿದ್ಯಾರ್ಥಿಯ ಕಣ್ಣು ಗೆರೆಯ ಆಚೆ ಹೋಗುವುದೇ ಕಷ್ಟ. ಆದ್ದರಿಂದ ವಿದ್ಯಾರ್ಥಿ ಮೊದಲು ತನ್ನ ಓದನ್ನು ಬರೆದು ಸಹಿ ಹಾಕಿ, ಆಮೇಲಷ್ಟೇ ತಂತ್ರಾಂಶ ತೆರೆಯುವ ಕ್ರಮ ಬೇಕು. ತಂತ್ರಾಂಶಕ್ಕೆ ಪಾಠ ಹೇಳಿದ ಗೆರೆಗಳೂ ದಂತವೈದ್ಯರು ಎಳೆದವೇ, ಅವರಲ್ಲೂ ಒಮ್ಮತ ಇರುವುದಿಲ್ಲ ಎಂಬುದು ಒಂದೇ ಎಕ್ಸ್‌ರೇಯನ್ನು ಇಡೀ ತರಗತಿಗೆ ಕೊಟ್ಟರೆ ತಾನೇ ಗೊತ್ತಾಗುತ್ತದೆ.

ಬೆಂಗಳೂರಿನ ಕೆಎಲ್‌ಇ ದಂತವೈದ್ಯಕೀಯ ಸಂಸ್ಥೆ ಬಯೋಕಾನ್ ಫೌಂಡೇಶನ್ ಜೊತೆ ನಡೆಸಿದ ಬಾಯಿ ಕ್ಯಾನ್ಸರ್ ತಪಾಸಣೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ದೂರದಲ್ಲಿದ್ದ ತಜ್ಞರು ನೋಡಿದರು. ಕರಾವಳಿಯ ಇಂಟರ್ನ್‌ಗಳಿಗೆ ಇಂಥ ಚಿತ್ರಗಳ ಕಂತೆಯೇ ಮೊದಲ ಪಠ್ಯವಾಗಬೇಕು; ನ್ಯೂರಲ್ ನೆಟ್‌ವರ್ಕಿನ ಗಣಿತ ಆಮೇಲೆ ಬಂದರೂ ನಡೆಯುತ್ತದೆ.