ಕೋಚ್‌ಗೆ ಚೆಕ್ ಬರೆಯುವ ಹುಡುಗ

ಅಮೆರಿಕದ ಕಾಲೇಜು ಲಕ್ರಾಸ್ ಎಂದ ಕೂಡಲೇ ಬಲ್ಲವರ ಬಾಯಲ್ಲಿ ಬರುವುದು ಜಾನ್ಸ್ ಹಾಪ್ಕಿನ್ಸ್, ಸಿರಾಕ್ಯೂಸ್‌ನಂಥ ಹೆಸರುಗಳು. ಅವು ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಯ ತಂಡಗಳು. ಅಲ್ಲಿ ವಿದ್ಯಾರ್ಥಿವೇತನ ಉಂಟು, ಟೀವಿ ಉಂಟು, ಸಂಬಳದ ಕೋಚ್‌ಗಳ ದಂಡೇ ಉಂಟು. ನನಗೆ ರುಚಿಸುವುದು ಅದರ ಪಕ್ಕದ ಓಣಿ: ಕ್ಲಬ್ ಲಕ್ರಾಸ್. ಹತ್ತು ಮಂದಿ, ಬಲೆಕಟ್ಟಿದ ಕೋಲು, ಗಟ್ಟಿ ರಬ್ಬರಿನ ಚೆಂಡು, ಮೈಗೆ ಮೈ ತಾಕಿಸುವ ಓಟ. ಆಟವೆಲ್ಲ ಅದೇ, ಎನ್‌ಸಿಎಎ ನಿಯಮಪುಸ್ತಕವೂ ಅದೇ. ಬೇರೆಯಾಗುವುದು ದುಡ್ಡಿನ ದಾರಿ. ಇಲ್ಲಿ ಆಡುವ ಹುಡುಗರೇ ಚಂದಾ ಹಾಕುತ್ತಾರೆ. ತಮ್ಮೊಳಗೇ ಒಬ್ಬ ಅಧ್ಯಕ್ಷನನ್ನೂ ಒಬ್ಬ ಖಜಾಂಚಿಯನ್ನೂ ಆರಿಸಿಕೊಂಡು ಮೈದಾನ ಕಾಯ್ದಿರಿಸಿ, ಬಸ್ಸು ಗೊತ್ತುಮಾಡಿ, ರೆಫರಿಗಳ ಶುಲ್ಕ ತೆರುತ್ತಾರೆ.

ಹೀಗೆ ಹುಡುಗರೇ ನಡೆಸುವ ಆಟ ಪಿಕ್ನಿಕ್ ಆಗಿಬಿಡದಂತೆ ತಡೆಯುವುದು ಎರಡು ಕಟ್ಟಳೆಗಳು. ಒಂದು, ಯಾರು ಆಡಬಹುದು. ಇನ್ನೊಂದು, ಯಾರು ಕಲಿಸಬೇಕು. 2006ರಲ್ಲಿ ಹುಟ್ಟಿದ ಪುರುಷರ ಕ್ಲಬ್ ಒಕ್ಕೂಟ ಎಂಸಿಎಲ್ಎ ಎರಡನ್ನೂ ಗಂಭೀರವಾಗಿ ಹಿಡಿದುಕೊಂಡಿದೆ. ಮಹಿಳೆಯರಿಗೆ ಡಬ್ಲ್ಯೂಸಿಎಲ್ಎ ಎಂಬ ಪ್ರತ್ಯೇಕ ಒಕ್ಕೂಟವಿದೆ.

ಮೊದಲನೆಯ ಕಟ್ಟಳೆ ಸರಳ: ಆಡುವವನು ಆ ಕಾಲೇಜಿನ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು. ಪದವಿ ತರಗತಿಯವನಿಗೆ ಇದರರ್ಥ ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಕ್ರೆಡಿಟ್. ನಮ್ಮ ಅಂತರ ಕಾಲೇಜು ಪಂದ್ಯಗಳಿಗೆ ಬೋನಫೈಡ್ ಸರ್ಟಿಫಿಕೇಟ್ ಹಿಡಿದು ಓಡಾಡಿದವರಿಗೆ ಇದರ ಹಿಂದಿನ ಗುಮಾನಿ ಬಿಡಿಸಿ ಹೇಳಬೇಕಿಲ್ಲ. ಊರಿನ ಒಳ್ಳೆಯ ಆಟಗಾರನೊಬ್ಬನನ್ನು ಒಂದೇ ಒಂದು ವಿಷಯಕ್ಕೆ ಸೇರಿಸಿ ಜೆರ್ಸಿ ತೊಡಿಸುವ ಕಲೆ ಯಾವ ದೇಶಕ್ಕೂ ಹೊಸದಲ್ಲ. ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗರಿಗೆ ಇಲ್ಲೊಂದು ಅನುಕೂಲವಿದೆ. ಎಫ್-1 ವೀಸಾದವರು ಹೇಗೂ ಪೂರ್ಣಾವಧಿ ಓದಲೇಬೇಕು. ವೀಸಾ ಉಳಿಸಿಕೊಂಡವನು ಈ ಷರತ್ತನ್ನೂ ಬಹುಮಟ್ಟಿಗೆ ಪೂರೈಸಿದಂತೆಯೇ. ಓದು ಮುಗಿಸಿ, ಅದೇ ವೀಸಾದಡಿ ಸಿಗುವ ಒಪಿಟಿ ಎಂಬ ತಾತ್ಕಾಲಿಕ ಅನುಮತಿಯಲ್ಲಿ ಕೆಲಸಕ್ಕೆ ಸೇರಿದವನು ಮಾತ್ರ, ಎಷ್ಟೇ ಚೆನ್ನಾಗಿ ಆಡಲಿ, ಗೆರೆಯ ಹೊರಗೇ ನಿಲ್ಲಬೇಕು.

ಎಷ್ಟು ವರ್ಷ ಆಡಬಹುದು ಎಂಬುದು ತುಸು ತೊಡಕಿನ ಪ್ರಶ್ನೆ. ಕ್ಲಬ್ ಲಕ್ರಾಸ್‌ನ ಹಳೆಯ ಹುಲಿಗಳಲ್ಲಿ ಒಂದಾದ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯವನ್ನೇ ನೋಡಿ. 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಈ ತಂಡ 2000, 2007, 2011ರಲ್ಲೂ ಗೆದ್ದಿತು. ಮಾರ್ಮನ್ ಪಂಥದ ಈ ವಿದ್ಯಾಲಯದ ಎಷ್ಟೋ ಹುಡುಗರು ಓದಿನ ನಡುವೆ ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗಿ ಬರುತ್ತಾರೆ. ಆ ಎರಡು ವರ್ಷಗಳನ್ನೂ ಆಡಿದ ಲೆಕ್ಕಕ್ಕೆ ಹಿಡಿದರೆ ಅನ್ಯಾಯ. ಬಿಟ್ಟರೆ, ಹದಿನೆಂಟರ ಹುಡುಗನೆದುರು ಇಪ್ಪತ್ತನಾಲ್ಕರ ಗಂಡಸು ನಿಲ್ಲುತ್ತಾನೆ ಎಂದು ಎದುರಾಳಿಗಳು ಗೊಣಗುತ್ತಾರೆ. ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಬಹುಕಾಲದಿಂದ ನಡೆದುಬಂದ ಐದು ವರ್ಷದ ಗಡುವಿನಲ್ಲೂ ಇಂಥ ಸೇವೆಗೆ ವಿನಾಯಿತಿ ಕೊಟ್ಟಿದ್ದರು. ನನ್ನ ಮತ ವಿನಾಯಿತಿಯ ಕಡೆಗೇ. ಎರಡು ವರ್ಷ ಕೋಲು ಮುಟ್ಟದವನ ಕೈ ಎಷ್ಟು ಜಡ್ಡುಗಟ್ಟಿರುತ್ತದೆಂದು ಗೊಣಗುವವರು ಲೆಕ್ಕ ಹಾಕುವುದೇ ಇಲ್ಲ.

ಇಷ್ಟಾದರೂ ಜನ ಜಗಳವಾಡುವುದು ಈ ಅರ್ಹತೆಯ ಬಗ್ಗೆಯೇ. ತಂಡವನ್ನು ನಿಜಕ್ಕೂ ಕಟ್ಟುವುದು ಎರಡನೆಯ ಕಟ್ಟಳೆ: ಮುಖ್ಯ ಕೋಚ್ ಆದವನು ತಂಡದ ಆಟಗಾರನಾಗಿರಕೂಡದು. ಕಾಗದದ ಮೇಲೆ ಇದು ಔಪಚಾರಿಕ ಅನ್ನಿಸುತ್ತದೆ. ಆದರೆ ಕೋಚ್ ಇಲ್ಲದ ಕ್ಲಬ್‌ನಲ್ಲಿ ಏನಾಗುತ್ತದೆಂದು ಯೋಚಿಸಿ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ತೀರ್ಮಾನಿಸುವವನು ಹಿರಿಯ ವಿದ್ಯಾರ್ಥಿ. ಕೂರಿಸಬೇಕಾದವನು ಅವನ ರೂಮ್‌ಮೇಟ್. ಕೊನೆಗೆ ಕೂರುವವನು ಮೊದಲ ವರ್ಷದ, ಚೆನ್ನಾಗಿ ಆಡುವ, ಯಾರ ಗೆಳೆಯನೂ ಅಲ್ಲದ ಹುಡುಗ. ಅವನು ಅಕ್ಟೋಬರಿನಲ್ಲೇ ಕ್ಲಬ್ ಬಿಡುತ್ತಾನೆ.

ಅಪಾಯದ ಮಾತೂ ಇದೆ. ಪುರುಷರ ಲಕ್ರಾಸ್‌ನಲ್ಲಿ ರಕ್ಷಣಾ ಆಟಗಾರನ ಕೋಲು 72 ಅಂಗುಲದವರೆಗೂ, ಎಂದರೆ ಆರು ಅಡಿ, ಇರಬಹುದು. ಪಂದ್ಯಕ್ಕೆ ಮುನ್ನ ಆಟಗಾರರೆಲ್ಲ ನಿಯಮದಂತೆ ರಕ್ಷಾಕವಚ ತೊಟ್ಟಿದ್ದಾರೆಂದು ರೆಫರಿಗೆ ಖಾತ್ರಿ ಕೊಡುವುದು ಮುಖ್ಯ ಕೋಚ್‌ನ ಹೊಣೆ. ತಾನೇ ಹೆಲ್ಮೆಟ್ ಬಿಗಿದುಕೊಳ್ಳುತ್ತ ನಿಂತ ಇಪ್ಪತ್ತರ ಹುಡುಗನ ಮೇಲೆ ಆ ಹೊಣೆ ಹೊರಿಸುವುದು ತರವಲ್ಲ. ರಾಷ್ಟ್ರೀಯ ಸಂಸ್ಥೆ ಯುಎಸ್ಎ ಲಕ್ರಾಸ್ ಕೋಚ್‌ಗಳಿಗೆಂದು ಹಂತಹಂತದ ತರಬೇತಿ ನಡೆಸುತ್ತದೆ. ಹಳೆಯ ಆಟಗಾರರು ‘ಇದೆಲ್ಲ ನಮಗೇನು ಹೊಸದು’ ಎಂದು ಮೂಗು ಮುರಿಯುವುದುಂಟು. ಚೆನ್ನಾಗಿ ಆಡಿದವರೇ ಅತಿ ಕೆಟ್ಟದಾಗಿ ಕಲಿಸುವುದನ್ನು ಕಂಡವನಾದ್ದರಿಂದ ನನಗೆ ಅವರ ಮೂಗಿನ ಬಗ್ಗೆ ಮರುಕವಿಲ್ಲ.

ಒಳ್ಳೆಯ ಕೋಚ್ ಸಿಕ್ಕ ಕ್ಲಬ್ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮಿಶಿಗನ್ ಇದೆ. ಜಾನ್ ಪಾಲ್ ಕೈಯಲ್ಲಿ ಆ ಕ್ಲಬ್ 2008, 2009, 2010, ಹೀಗೆ ಸತತ ಮೂರು ವರ್ಷ ಎಂಸಿಎಲ್ಎ ಪ್ರಶಸ್ತಿ ಗೆದ್ದಿತು. 2012ರಲ್ಲಿ ಅದೇ ಕೋಚ್‌ನೊಡನೆ ಎನ್‌ಸಿಎಎ ಮೊದಲ ದರ್ಜೆಗೆ ಏರಿತು. ಆ ವರ್ಷ ಗೆದ್ದದ್ದು ಒಂದೇ ಪಂದ್ಯ! ಎರಡು ಲೋಕಗಳ ನಡುವಿನ ಅಂತರ ಅಷ್ಟು. ಯೂಟಾ ಇನ್ನೊಂದು ದಾರಿ ಹಿಡಿಯಿತು. 2016ರಲ್ಲಿ ಎನ್‌ಸಿಎಎ ಚಾಂಪಿಯನ್ ಆದ ನಾರ್ತ್ ಕೆರೊಲೈನಾದ ಸಹಾಯಕ ಕೋಚ್ ಬ್ರಯಾನ್ ಹೋಲ್ಮನ್‌ರನ್ನೇ ತನ್ನ ಕ್ಲಬ್‌ಗೆ ಕರೆತಂದು, 2019ಕ್ಕೆ ಮೊದಲ ದರ್ಜೆ ಸೇರಿತು.

ಇಂಥ ಭಾಗ್ಯ ಕೆಲವರಿಗೆ ಮಾತ್ರ. ಉಳಿದ ಎಷ್ಟೋ ಕ್ಲಬ್‌ಗಳ ಕೋಚ್ ಹಗಲು ಬೇರೆ ನೌಕರಿ ಮಾಡಿ ಸಂಜೆ ಮೈದಾನಕ್ಕೆ ಬರುವವನು. ಅವನ ಅಲ್ಪ ಗೌರವಧನ ಹೊರಡುವುದು ಹುಡುಗರ ಚಂದಾದಿಂದ. ಶನಿವಾರದ ಪಂದ್ಯದಲ್ಲಿ ಅವನು ಬೆಂಚಿನ ಮೇಲೆ ಕೂರಿಸಿದ ಹುಡುಗನೇ ಕ್ಲಬ್ಬಿನ ಖಜಾಂಚಿಯಾಗಿದ್ದರೆ, ಸೋಮವಾರ ಚೆಕ್ಕಿಗೆ ಅವನ ಮುಂದೆಯೇ ನಿಲ್ಲಬೇಕು. ಆದ್ದರಿಂದ ಕೋಚ್‌ನ ನೇಮಕವೂ ಹಣವೂ ವಿಶ್ವವಿದ್ಯಾಲಯದ ಕ್ರೀಡಾ ಕಚೇರಿಯ ಮೂಲಕವೇ ಹೋಗಬೇಕೆಂಬ ಷರತ್ತು ಇನ್ನಷ್ಟು ಬಿಗಿಯಾಗಲಿ ಎಂಬ ಪಂಗಡಕ್ಕೆ ಸೇರಿದವನು ನಾನು. ಹುಡುಗರ ಸ್ವಾತಂತ್ರ್ಯ ಕಸಿದಂತಾಯಿತು ಎನ್ನುವವರಿದ್ದಾರೆ. ಬಸ್ಸು, ಮೈದಾನ, ಜೆರ್ಸಿಯ ಬಣ್ಣ ಎಲ್ಲವನ್ನೂ ಅವರೇ ನೋಡಿಕೊಳ್ಳಲಿ. ಆ ಒಂದು ಚೆಕ್ಕಿಗೆ ಮಾತ್ರ ಬೇರೆಯವರು ಸಹಿ ಹಾಕಲಿ.