ನಾಳಿನ ವಾದ್ಯವೂ ಗದುಗಿನ ಬೆರಳೂ

ಸಂಗೀತದ ವಿಷಯದಲ್ಲಿ ಯಂತ್ರದ ಮಾತೆತ್ತಿದರೆ ನಮ್ಮ ರಸಿಕರಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಪಂಗಡ ಕಿವಿ ಮುಚ್ಚಿಕೊಳ್ಳುತ್ತದೆ; ಇನ್ನೊಂದು ಬಾಯಿ ತೆರೆದು ನಿಲ್ಲುತ್ತದೆ. ಮೊದಲನೆಯವರಿಗೆ ತಂಬೂರಿಯ ತಂತಿಯಾಚೆಗಿನದೆಲ್ಲ ಅಪಚಾರ. ಎರಡನೆಯವರಿಗೆ ಪೇಟೆಗೆ ಬಂದ ಹೊಸ ಪೆಟ್ಟಿಗೆಯೆಲ್ಲ ಅವತಾರ. ಎಲೆಕ್ಟ್ರಾನಿಕ್ ಸಂಗೀತದ ಉಪಕರಣಗಳು ಮುಂದೆ ಹೇಗಾದಾವು, ಹೇಗಾಗಬೇಕು ಎಂದು ಪಶ್ಚಿಮದಲ್ಲಿ ಜೋರಾದ ಚರ್ಚೆ ನಡೆದಿದೆ. ಅದನ್ನು ಓದುವಾಗಲೆಲ್ಲ ಈ ಚರ್ಚೆಯಲ್ಲಿ ಗದುಗಿಗೂ ಒಂದು ಮಾತುಂಟು ಎಂದು ನನಗೆ ಅನ್ನಿಸುತ್ತದೆ. ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಿಯಾರು. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಕಾವ್ಯವೂ ಅಚ್ಚಿನ ಮೊಳೆಗೆಂದೇ ಬರೆದ ಕಾದಂಬರಿಯೂ ಒಂದೇ ಬಗೆಯಾಗಿಲ್ಲವಷ್ಟೆ! ಕೃತಿಯನ್ನು ವಿಮರ್ಶಿಸುವವನು ಅದು ಹುಟ್ಟುವ ಉಪಕರಣದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕಾಗುತ್ತದೆ.

ಗದುಗಿನ ಮಾತೆಂದರೆ ಮೊದಲು ಪೇಟಿಯ ಮಾತು. ಇಂದು ನಮಗೆ ಮನೆಯ ಮಗನಂತಾಗಿರುವ ಹಾರ್ಮೋನಿಯಂ ಪ್ಯಾರಿಸಿನಲ್ಲಿ ಹುಟ್ಟಿ, ಪಾದ್ರಿಗಳೊಡನೆ ಹಡಗು ಹತ್ತಿ ಬಂದು, ಕಲ್ಕತ್ತೆಯಲ್ಲಿ ಕಾಲು ಕಳೆದುಕೊಂಡು ನೆಲದ ಮೇಲೆ ಕುಳಿತ ಯಂತ್ರ. ಅದನ್ನು ದೂಷಿಸಿದವರು ಸಾಮಾನ್ಯರಲ್ಲ. ರವೀಂದ್ರನಾಥ ಠಾಕೂರರೇ ಅದರ ವಿರುದ್ಧ ದನಿಯೆತ್ತಿದರು. 1940ರ ಮಾರ್ಚಿನಿಂದ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿತು. 1950ರಲ್ಲಿ ಆರಂಭವಾದ ಧಾರವಾಡ ನಿಲಯವೂ ಪೇಟಿಗೆ ಬಹಿಷ್ಕಾರವಿದ್ದ ಕಾಲದಲ್ಲಿಯೇ ಕಣ್ಣು ತೆರೆದದ್ದು. 1971ರಲ್ಲಿ ಆ ಕಟ್ಟು ಸಡಿಲಾಯಿತು, ಅದೂ ಸಾಥಿಗೆ ಮಾತ್ರ.

ಆದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪೇಟಿಯ ದನಿ ನಿಲ್ಲಲಿಲ್ಲ. ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದವರು. ಹತ್ತು ವಾದ್ಯ ಬಲ್ಲ ಪುಟ್ಟರಾಜರ ಹೆಸರಿನೊಡನೆ ಮೊದಲು ನೆನಪಾಗುವುದು ಪೇಟಿಯೇ. ಇದರಲ್ಲಿ ಒಂದು ಗೂಢವಿದೆ ಎಂದು ನನ್ನ ಊಹೆ. ಪೇಟಿಯ ಕರಿಪಟ್ಟಿಗಳನ್ನು ನೋಡಿ: ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು. ಬೆರಳಾಡಿಸಿದರೆ ಸಾಕು, ಷಡ್ಜ ಎಲ್ಲಿದೆಯೆಂದು ಕತ್ತಲೆಯಲ್ಲಿಯೂ ತಿಳಿಯುತ್ತದೆ. ಪೇಟಿ ಬೆರಳಿನಿಂದ ಓದಬಹುದಾದ ವಾದ್ಯ. ಉಬ್ಬುಚುಕ್ಕೆಗಳ ಲಿಪಿಯನ್ನು ಕಂಡುಹಿಡಿದ ಲೂಯಿ ಬ್ರೈಲ್ ಸ್ವತಃ ಆರ್ಗನ್ ವಾದಕ. 1829ರ ಅವನ ಮೊದಲ ಪುಸ್ತಕದಲ್ಲಿ ಅಕ್ಷರಗಳ ಜೊತೆಗೆ ಸಂಗೀತಕ್ಕೂ ಲಿಪಿಯಿತ್ತೆಂಬುದು ಆಕಸ್ಮಿಕವೆ? ಶ್ರುತಿಶುದ್ಧಿಯ ತಕ್ಕಡಿಯಲ್ಲಿ ಪೇಟಿಯನ್ನು ತೂಗಿದವರು ಬೆರಳಿನ ಈ ಲೆಕ್ಕವನ್ನು ತಕ್ಕಡಿಗೆ ಹಾಕಲೇ ಇಲ್ಲ.

ಹಾಗೆಂದು ಅವರ ಆಕ್ಷೇಪ ಸುಳ್ಳಲ್ಲ. ಪೇಟಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿಬಿಡುತ್ತದೆ. ಸಪ್ತಕಕ್ಕೆ 1200 ಸೆಂಟ್ ಎಂದು ಲೆಕ್ಕ ಹಿಡಿದರೆ ತಂಬೂರಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರ 386ರ ಹತ್ತಿರ. ಪೇಟಿಯ ಗಾಂಧಾರ 400. ಈ ಹದಿನಾಲ್ಕರ ಅಂತರ ಬಲ್ಲವರ ಕಿವಿಗೆ ಕಲ್ಲು ಸಿಕ್ಕ ಅನ್ನದ ಹಾಗೆ. ಠಾಣೆಯ ಡಾ. ವಿದ್ಯಾಧರ ಓಕ್ ಅವರು ಇಪ್ಪತ್ತೆರಡು ಶ್ರುತಿಗಳ ಪೇಟಿಯನ್ನೇ ಮಾಡಿಸಿ ಇದಕ್ಕೆ ಮದ್ದು ಹುಡುಕಿದರು. ಸ್ವರದ ನೆಲೆ ಸರಿಯಾಯಿತೆನ್ನೋಣ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು? ದರಬಾರಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವೇ ಅಲ್ಲ; ಅದೊಂದು ತೂಗಾಟ. ಅದಕ್ಕೆ ಎಷ್ಟು ಪಟ್ಟಿ ಜೋಡಿಸಿದರೂ ಸಾಲದು.

ಇಲ್ಲೊಂದು ವಿನೋದವಿದೆ. ವಿದ್ಯುತ್ತಿನಿಂದ ನಾದ ಹುಟ್ಟಿಸಿದ ಮೊದಲ ಪ್ರಸಿದ್ಧ ವಾದ್ಯಗಳಿಗೆ ಮೀಂಡು ಚೆನ್ನಾಗಿಯೇ ಬರುತ್ತಿತ್ತು. 1920ರ ಸುಮಾರಿಗೆ ರಷ್ಯದ ಥೆರೆಮಿನ್ ಮಾಡಿದ ವಾದ್ಯವನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಗಾಳಿಯಲ್ಲಿ ಕೈಯಾಡಿಸಿದರೆ ಸ್ವರ ಜಾರುತ್ತಿತ್ತು. 1928ರಲ್ಲಿ ಫ್ರಾನ್ಸಿನ ಮಾರ್ತೆನೊ ಬೆರಳಿಗೆ ಉಂಗುರ ತೊಡಿಸಿ ಸ್ವರವನ್ನು ಎಳೆದಾಡಿದ. 1964ರ ವೇಳೆಗೆ ಅಮೆರಿಕದ ರಾಬರ್ಟ್ ಮೋಗ್ ತನ್ನ ಸಿಂಥಸೈಜರಿಗೆ ಪಿಯಾನೋದ ಪಟ್ಟಿಗಳನ್ನು ಜೋಡಿಸಿದ. ಅದೇ ಕಾಲದ ಡಾನ್ ಬುಕ್ಲ ಪಟ್ಟಿ ಬೇಡವೆಂದ. ಪೇಟೆ ಮೋಗನ ಕಡೆಗೆ ವಾಲಿತು. ಮೋಗ್ ಯಂತ್ರ 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ನಮ್ಮವರ ಕೈಗೂ ಸಿಕ್ಕಿತ್ತು. ಆ ಕಾಲದ ಧ್ವನಿಸುರುಳಿಗಳು ಕಪಾಟಿನಿಂದ ಹೊರಬಿದ್ದು 2023ರಲ್ಲಿ ಪ್ರಕಟವಾದವು. 1983ರಲ್ಲಿ ವಾದ್ಯಗಳು ತಮ್ಮೊಳಗೆ ಮಾತನಾಡಿಕೊಳ್ಳಲು ಮಿಡಿ ಎಂಬ ಸಂಕೇತಭಾಷೆ ಬಂದಾಗ ಪಟ್ಟಿಯೇ ಅದರ ವ್ಯಾಕರಣವಾಯಿತು: ಯಾವ ಪಟ್ಟಿ, ಎಷ್ಟು ಜೋರು, ಯಾವಾಗ ಬಿಟ್ಟೆ. ಸ್ವರಕ್ಕೆ ಸ್ವರವೇ ಬೇರೆ ಬೇರೆಯಾಗಿ ಜಾರಬಹುದೆಂಬ ತಿದ್ದುಪಡಿ ಬರಲು 2018ನೆಯ ಇಸವಿ ಬೇಕಾಯಿತು; ಎರಡನೆಯ ಆವೃತ್ತಿ 2020ರಲ್ಲಿ ಬಂತು. ನಮ್ಮ ವ್ಯಾಕರಣಕಾರರೂ ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಎಷ್ಟೋ ಕಾಲ ಎರಕ ಹೊಯ್ದವರೇ ಆದ್ದರಿಂದ ನಾನು ಹೆಚ್ಚು ನಗುವಂತಿಲ್ಲ.

ನಾಳಿನ ವಾದ್ಯದ ತೊಡಕು ಇರುವುದು ಇಲ್ಲಿಯೇ. ಮೀಂಡಿಗೆ ನುಣುಪು ಬೇಕು, ಬೆರಳಿಗೆ ಉಬ್ಬು ಬೇಕು. ಅಮೆರಿಕದ ಲಿಪ್ಪೋಲ್ಡ್ ಹಾಕನ್ ಮಾಡಿದ ಕಂಟಿನ್ಯುವಂ ಎಂಬ ವಾದ್ಯ ಮೆತ್ತನೆಯ ಹಾಸಿನಂತಿದೆ. ಅದರ ಮೇಲೆ ಬೆರಳು ಸಾರಂಗಿಯ ಮೇಲಿನಂತೆ ಜಾರುತ್ತದೆ. ಕೇಳಲು ಸೊಗಸು. ಆದರೆ ಕಣ್ಣಿಲ್ಲದ ಹುಡುಗನ ಬೆರಳಿಗೆ ಅಲ್ಲಿ ಮೈಲಿಗಲ್ಲು ಎಲ್ಲಿ? ಫೋನು, ಟ್ಯಾಬ್ಲೆಟ್ಟುಗಳ ಗಾಜಿನ ಮೇಲೆ ಚಿತ್ರವಾಗಿ ಮೂಡುವ ವಾದ್ಯಗಳಂತೂ ಇನ್ನೂ ಕಠಿಣ. ಗಾಜಿಗೆ ಕರಿಪಟ್ಟಿಯೂ ಇಲ್ಲ, ಬಿಳಿಪಟ್ಟಿಯೂ ಇಲ್ಲ. ತೆಳುವಾದ ಹಾಗೆಲ್ಲ, ಗುಂಡಿಗಳು ಮಾಯವಾದ ಹಾಗೆಲ್ಲ ಉಪಕರಣ ಪ್ರಗತಿ ಹೊಂದಿತು ಎನ್ನುವ ವಾದವನ್ನು ನಾನು ಒಪ್ಪಲಾರೆ. ಫ್ರಾನ್ಸಿನ ಓಸ್ಮೋಸ್ ಎಂಬ ವಾದ್ಯ ಈ ಜಗಳಕ್ಕೆ ಒಂದು ರಾಜಿಯನ್ನು ಸೂಚಿಸಿದೆ. ಹಾಕನ್ನನ ನಾದಯಂತ್ರಕ್ಕೆ ನಿಜವಾದ ಪಟ್ಟಿಗಳನ್ನು ಜೋಡಿಸಿ, ಒಂದೊಂದು ಪಟ್ಟಿಯೂ ಎಡಬಲಕ್ಕೆ ಅಲುಗಾಡುವಂತೆ ಮಾಡಿದ್ದಾರೆ. ಅಲುಗಿಸಿದರೆ ಸ್ವರ ಬಾಗುತ್ತದೆ. ಉಬ್ಬೂ ಉಂಟು, ಜಾರೂ ಉಂಟು. ಬೆಲೆ ಮಾತ್ರ ಲಕ್ಷ ರೂಪಾಯಿಗೆ ಮೀರಿದ್ದು.

ಲಯದ ಮಾತನ್ನು ಬೇಗ ಹೇಳಿಬಿಡುತ್ತೇನೆ. ತಾಳ ನುಡಿಸುವ ಯಂತ್ರಗಳಿಗೆ ಹದಿನಾರರ ಮೋಹ. 1980ರ ರೋಲಾಂಡ್ 808ರ ಮುಂದೆ ಸಾಲಾಗಿ ಹದಿನಾರು ಗುಂಡಿ. ತೀನ್‌ತಾಲಕ್ಕೆ ಹೇಳಿ ಮಾಡಿಸಿದಂತಿದೆ ಎನ್ನಿಸುತ್ತದೆ. ಮುಂಬಯಿಯ ಚಿತ್ರಸಂಗೀತದ ವಾದಕ ಚರಣಜಿತ್ ಸಿಂಗರು 1982ರಲ್ಲಿ ಆ ಯಂತ್ರವನ್ನೂ ಅದರ ಸಂಗಡಿಗನಾದ ಟಿಬಿ 303ನ್ನೂ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿದರು. 303ಕ್ಕೆ ಸ್ವರ ಜಾರಿಸುವ ಗುಣವಿತ್ತು, ಆದ್ದರಿಂದ ಅಲ್ಲಿ ರಾಗದ ನೆರಳು ನಿಂತಿತು. ಲಯ ಮಾತ್ರ ಬೆಟಗೇರಿಯ ಮಗ್ಗದ ಲಾಳಿಯಂತೆ ಒಂದೇ ಸಮನೆ ಓಡಿತು. ವಿಲಂಬಿತದಲ್ಲಿ ತೊಡಗಿ ತಿಳಿಯದ ಹಾಗೆ ಏರುತ್ತ ಹೋಗುವ ನಮ್ಮ ಖಯಾಲಿನ ಉಸಿರು ಲಾಳಿಗೆ ದಕ್ಕುವುದಿಲ್ಲ. ಗಾಯಕನ ಉಸಿರು ಕೇಳಿ ತನ್ನ ನಡೆಯನ್ನು ತಿದ್ದಿಕೊಳ್ಳುವ ತಬಲಾ ಯಂತ್ರ ಬಂದ ದಿನ ನಾನೂ ಎದ್ದು ನಿಂತು ನೋಡುತ್ತೇನೆ.

ನಮ್ಮವರೇ ಮಾಡಿದ ಯಂತ್ರಗಳಲ್ಲಿ ಗೆದ್ದದ್ದು ತಂಬೂರಿ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರರೂ ಹೌದು, ಕೊಳಲು ನುಡಿಸುವವರೂ ಹೌದು. 1970ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಇಂದು ದೊಡ್ಡ ಕಚೇರಿಗಳ ವೇದಿಕೆಯನ್ನೂ ಏರಿದೆ. ಅದರ ಮುಖದ ಮೇಲಿರುವವು ಕೆಲವೇ ತಿರುಪುಗಳು: ಶ್ರುತಿಗೊಂದು, ವೇಗಕ್ಕೊಂದು, ದನಿಗೊಂದು. ಅಂಧ ಗಾಯಕ ಕೂಡ ಎರಡು ನಿಮಿಷದಲ್ಲಿ ಅದನ್ನು ತನ್ನದಾಗಿ ಮಾಡಿಕೊಳ್ಳಬಲ್ಲ. ವಾದ್ಯ ಮಾಡಿದವನು ವಾದಕನಾಗಿದ್ದರೆ ಹೀಗಾಗುತ್ತದೆ.

ಧ್ವನಿಮುದ್ರಣದ ಯಂತ್ರಗಳ ಬಗ್ಗೆ ಸಾಹಿತ್ಯದ ಕಡೆಯಿಂದ ನನ್ನದೊಂದು ತಕರಾರಿದೆ. ವೀರನಾರಾಯಣನ ಕವಿ ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿದವನಲ್ಲ, ಇಟ್ಟ ಮಾತನ್ನು ಅಳಿಸಿದವನಲ್ಲ ಎಂದು ಕಾವ್ಯಾರಂಭದಲ್ಲಿ ಎದೆಯುಬ್ಬಿಸಿ ಹೇಳಿಕೊಂಡಿದ್ದಾನೆ. ಈಗಿನ ಯಂತ್ರಗಳ ಹೆಗ್ಗಳಿಕೆ ಇದಕ್ಕೆ ತದ್ವಿರುದ್ಧ. ಮಾಡಿದ್ದನ್ನು ಎಷ್ಟು ಸಲ ಬೇಕಾದರೂ ಅಳಿಸಬಹುದು, ತಪ್ಪಿದ ಸ್ವರವನ್ನು ಎಳೆದು ಸಾಲಿಗೆ ನಿಲ್ಲಿಸಬಹುದು. ಭೀಮಸೇನ ಜೋಶಿಯವರ ತಾನುಗಳನ್ನು ಕೇಳಿ ಬೆಳೆದ ಸೀಮೆ ನಮ್ಮದು. ಆ ತಾನುಗಳಲ್ಲಿದ್ದ ಸಾಹಸ, ಬಿದ್ದೇನೆಂಬ ಭಯವಿದ್ದೂ ಹಾರಿದ್ದರಿಂದ ಬಂದದ್ದು. ಅಳಿಸುವ ಗುಂಡಿ ಬೇಡವೆನ್ನುವುದಿಲ್ಲ. ಕಲಿಯುವವನು ಅದನ್ನು ಮೊದಲನೆಯ ದಿನವೇ ಕಂಡುಕೊಳ್ಳದಿದ್ದರೆ ಒಳ್ಳೆಯದು.

ಮತ್ತೆ ಬೆರಳಿಗೆ ಬರುತ್ತೇನೆ, ಏಕೆಂದರೆ ಇದು ಹೊಟ್ಟೆಪಾಡಿನ ಮಾತೂ ಹೌದು. ಶ್ರಾವಣದಲ್ಲಿ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆ ಮಠಗಳಲ್ಲಿ ಪುರಾಣ ಹಚ್ಚಿದರೆ ಹಾಡಲಿಕ್ಕೆ, ಪೇಟಿ ತಬಲಾ ನುಡಿಸಲಿಕ್ಕೆ ಗದುಗಿನ ಆಶ್ರಮದಲ್ಲಿ ಕಲಿತ ಗವಾಯಿಗಳು ಬರುತ್ತಾರೆ. ಅವರಲ್ಲಿ ಕಣ್ಣು ಕಾಣದವರು ಎಷ್ಟೋ ಮಂದಿ. ಈಗ ಜಾತ್ರೆಗಳಲ್ಲಿ, ಮದುವೆಯ ಆರ್ಕೆಸ್ಟ್ರಾಗಳಲ್ಲಿ ಪೇಟಿಯ ಜಾಗಕ್ಕೆ ಕೀಬೋರ್ಡು, ತಬಲಾದ ಜಾಗಕ್ಕೆ ರಿದಂ ಪ್ಯಾಡು ಬಂದಿವೆ. ಪಟ್ಟಿ ಇರುವವರೆಗೆ ಗವಾಯಿ ಅದನ್ನೂ ನುಡಿಸುತ್ತಾನೆ. ಸ್ವರದ ಬಣ್ಣ ಬದಲಿಸಲು ಪರದೆಯ ಮೇಲಿನ ಸಣ್ಣ ಅಕ್ಷರ ಓದಬೇಕಾದಾಗ ಮಗ್ಗುಲಲ್ಲಿ ಒಬ್ಬ ಕಣ್ಣುಳ್ಳವನನ್ನು ಕೂರಿಸಿಕೊಳ್ಳಬೇಕು. ಬಂದ ಸಂಭಾವನೆಯಲ್ಲಿ ಅವನಿಗೂ ಪಾಲು.

ಇದು ಪರಿಹಾರವಿಲ್ಲದ ಸಮಸ್ಯೆಯಲ್ಲ. ಅಂಧರಿಗೆ ಪುಸ್ತಕ ಓದಿ ಹೇಳುವ ಯಂತ್ರವನ್ನು 1976ರಲ್ಲಿ ಮಾಡಿದ ರೇ ಕರ್ಜ್‌ವೈಲ್, ಅದನ್ನು ಕೊಂಡ ಅಂಧ ಗಾಯಕ ಸ್ಟೀವಿ ವಂಡರನೊಡನೆ ಮಾತಿಗೆ ಕುಳಿತದ್ದರ ಫಲವಾಗಿಯೇ 1984ರ ಪ್ರಸಿದ್ಧ ಕೆ 250 ಸಿಂಥಸೈಜರ್ ಹುಟ್ಟಿತು. ಜರ್ಮನಿಯ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಕೆಲವು ಕೀಬೋರ್ಡುಗಳಲ್ಲಿ ತಿರುಪನ್ನು ಮುಟ್ಟಿದರೆ ಅದರ ಹೆಸರನ್ನು ಕಂಪ್ಯೂಟರು ಗಟ್ಟಿಯಾಗಿ ಹೇಳುತ್ತದೆ. ಇಷ್ಟು ಬಂದಿರುವಾಗ ಇನ್ನೊಂದನ್ನು ಕೇಳುವುದು ದುರಾಶೆಯಾಗಲಾರದು: ಮಾತನಾಡುವ ತಿರುಪು ನಮ್ಮ ಭಾಷೆಯಲ್ಲಿ ಮಾತನಾಡಲಿ. ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಕವಿರಾಜಮಾರ್ಗಕಾರ ಪುಲಿಗೆರೆಯನ್ನು ಹೆಸರಿಸಿದ್ದಾನೆ. ಅದೇ ನಮ್ಮ ಲಕ್ಷ್ಮೇಶ್ವರ. ಯಂತ್ರಕ್ಕೆ ಆ ತಿರುಳ್ಗನ್ನಡವೇ ಬರಬೇಕೆಂಬ ಹಟ ನನಗಿಲ್ಲ. ಮುಂಡರಗಿ ಸಂತೆಯ ಕನ್ನಡವಾದರೂ ಸಾಕು.