ಆಲೆಮರದ ಉತ್ತರಕಾಂಡ

ವಿಡಿಯೋ ಗೇಮೊಂದು ಒಂದು ಯಂತ್ರದಿಂದ ಮತ್ತೊಂದಕ್ಕೆ ವಲಸೆ ಹೋದಾಗ, ಅಥವಾ ಅದರ ಎರಡನೆಯ ಭಾಗ ಹೊರಬಂದಾಗ, ಮೂಲದ ಸತ್ತ್ವವುಳಿಯಿತೇ ಎಂದು ರಸಿಕರು ವಾದಿಸುವುದನ್ನು ಕೇಳಿದಾಗಲೆಲ್ಲ, 2005–06ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಚನ್ನಪಟ್ಟಣದ ಬೊಂಬೆಗಳತ್ತ ನನ್ನ ಮನಸ್ಸು ಹೊರಳುತ್ತದೆ. ಕೈ ಲೇತಿನಿಂದ ವಿದ್ಯುತ್ತಿನ ಲೇತಿಗೆ, ಆಲೆಮರದಿಂದ ರಬ್ಬರ್ ಮರಕ್ಕೆ, ಬುಗುರಿ ಗಿಲಕಿಗಳಿಂದ ಒಗಟು, ಬಳೆ, ಕಿವಿಯೋಲೆಗಳಿಗೆ ಈ ಕಲೆ ಸಾಗಿಬಂದಿದೆ. ಬೊಂಬೆ ತಯಾರಿಕೆಯ ಜಪಾನಿನ ವಿಧಾನವನ್ನು, ಈ ಕಲೆಯ ಪಿತಾಮಹನೆನಿಸಿದ ಬಾವಾಸ್ ಮಿಯಾನ್ ಇಲ್ಲಿಗೊಗ್ಗಿಸಿದುದೂ ಇಂಥದೇ ಸಂಕ್ರಮಣವಲ್ಲವೇ? ಬಣ್ಣ ಸಿಂಪಡಿಸಿ ಊರಿನ ಹೆಸರು ಹೊತ್ತು ಬರುವ ಸರಕು, ಎಷ್ಟೇ ಅಂದವಾಗಿರಲಿ, ನನಗೆ ಬರಿಯ ಛದ್ಮವೇಷ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ, ಘರ್ಷಣೆಯ ಕಾವಿಗೆ ಬಣ್ಣವು ಕರಗಿ ಹಬ್ಬಿದ ಮೇಲೆ, ಕೇದಗೆಯ ಎಲೆಯಿಂದುಜ್ಜಿ ಹೊಳಪೇರಿಸುವ ಕ್ರಮವೊಂದು ಉಳಿದಿದ್ದರೆ, ಆಕಾರವೇನೇ ಆಗಿರಲಿ, ಅದನ್ನು ಚನ್ನಪಟ್ಟಣದ ಬೊಂಬೆಯೆಂದೇ ಕೊಳ್ಳುವೆನು.